ಓದುಗರ ಪ್ರಶ್ನೆ: ಹೋಮ್‌ಸ್ಟೇಯಲ್ಲಿ ನಗುವುದಕ್ಕೂ ಸುಸ್ತಾಗುತ್ತದಾ?

ಪ್ರಶ್ನೆ: ಅಕ್ಕಾ, ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟದ ಮನೆ. ನಾಲ್ಕು ವರ್ಷದಿಂದ ಎರಡು ಕೋಣೆಗಳನ್ನು ಒಂದು ಆ್ಯಪ್ ಮೂಲಕ ಹೋಮ್‌ಸ್ಟೇಗೆ ಕೊಡುತ್ತಿದ್ದೇವೆ. ಅಡುಗೆ, ಗುಡಿಸಿ ಒರೆಸುವುದು ನನಗೆ ಭಾರ ಅಲ್ಲ. ಸುಸ್ತಾಗುವುದು ಮಾತಾಡಿ. ರಾತ್ರಿ ಹನ್ನೊಂದಾದರೂ ಜಗಲಿಯಲ್ಲಿ ಕೂತು ಮಾತಿಗೆಳೆಯುತ್ತಾರೆ, ನಾನು ನಗುತ್ತಾ ಕೂರಬೇಕು. ಫೆಬ್ರವರಿಯಲ್ಲಿ ಅಮ್ಮನ ತಿಥಿ ಮುಗಿಸಿ ತವರಿನಿಂದ ಬಂದ ದಿನವೇ ಗೆಸ್ಟ್ ಬಂದರು. ನಮ್ಮ ಕಡೆಯ ಸಿಹಿ ತಿಂಡಿ ತೊಡದೇವು ಮಾಡಿ ತೋರಿಸಿ ಅಂದರು. ತೋರಿಸಿದೆ, ವಿಡಿಯೊದಲ್ಲೂ ನಕ್ಕೆ. ಹೋದಮೇಲೆ ನಾಲ್ಕು ಸ್ಟಾರ್ ಕೊಟ್ಟು, "ಆಂಟಿ ಸ್ವಲ್ಪ ಡಲ್, ಜಾಸ್ತಿ ಮಾತಾಡುವುದಿಲ್ಲ" ಅಂತ ಬರೆದರು. ಓದಿ ಅತ್ತುಬಿಟ್ಟೆ. "ಸುಮ್ನೆ ಮಾತಾಡೋದಕ್ಕೆ ಏನು ಕಷ್ಟ" ಅಂತಾರೆ ನಮ್ಮನೆಯವರು. ನನ್ನದೇ ತಪ್ಪಾ?
— ಓದುಗರೊಬ್ಬರು, ಶಿರಸಿ

ಉತ್ತರ: ತಂಗೀ, ನಿಮ್ಮದು ಏನೂ ತಪ್ಪಿಲ್ಲ.

ತೊಡದೇವಿನ ಸಾಲನ್ನು ನಾನು ಎರಡು ಸಲ ಓದಿದೆ. ಬೋರಲು ಹಾಕಿದ ಮಡಕೆ, ಅಡಿಯಲ್ಲಿ ಬೆಂಕಿ. ಅಕ್ಕಿ ಹಿಟ್ಟು, ಕಬ್ಬಿನ ಹಾಲು ಕಲಸಿದ ನೀರು ಹಿಟ್ಟಿನಲ್ಲಿ ಬಟ್ಟೆ ಅದ್ದಿ ಒಂದೇ ಸಲಕ್ಕೆ ಎಳೆಯಬೇಕು, ಬಿಸಿ ಆರುವ ಮೊದಲೇ ಎಬ್ಬಿಸಿ ಮಡಚಬೇಕು, ಚೂರು ತಡವಾದರೂ ಗರಿಗರಿಯಾಗಿ ಮುರಿಯುತ್ತದೆ. ಕೈಗೆ ಅಷ್ಟು ಗಮನ ಬೇಕಾದ ಹೊತ್ತಲ್ಲಿ ಮುಖ ಬೇರೆ ನಗುತ್ತಿರಬೇಕು, ಒಳಗೆ ನೋಡಿದರೆ ಅಮ್ಮ. ನಿಮ್ಮ ಮನೆಯವರು "ಸುಮ್ನೆ" ಅಂದಿದ್ದು ಇದಕ್ಕೇ ತಾನೆ? ಈ ಪುಟವನ್ನು ಅವರಿಗೂ ಓದಲು ಕೊಡಿ.

ನೀವು ಮಾಡುತ್ತಿರುವುದಕ್ಕೆ ಹೆಸರೂ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಕೆಲಸದ ಬಗ್ಗೆ ಒಂದು ಪುಸ್ತಕ ಬರೆದರು. ಟ್ರೇ ಹೊರುವುದು ಎಷ್ಟು ಕೆಲಸವೋ, ಬೇಸರ ನುಂಗಿ ನಗುವುದೂ ಅಷ್ಟೇ ಕೆಲಸ, ಅದನ್ನೂ ಕಂಪನಿ ಮಾರುತ್ತಿದೆ ಅಂತ ತೋರಿಸಿ, ಭಾವನೆಯ ದುಡಿಮೆ ಅಂದರು. ಗಗನಸಖಿಗಾದರೆ ವಿಮಾನ ಇಳಿದ ಮೇಲೆ ಹೋಗಲು ಮನೆ ಇರುತ್ತದೆ. ನಿಮಗೆ ಮನೆಯೇ ವಿಮಾನ. ಇಳಿದು ಹೋಗುವುದೆಲ್ಲಿಗೆ?

"ಬಂದವರನ್ನು ಉಪಚರಿಸುವುದು ನಮ್ಮ ಕಡೆ ಹೊಸದಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಹೊಸದಲ್ಲ. ಆದರೆ ನೆಂಟರು ಬಂದರೆ ಆಸರಿಗೆ ಕುಡಿದು ಸೀದಾ ಅಡುಗೆಮನೆಗೆ ಬರುತ್ತಾರೆ, ಹರಟುತ್ತಲೇ ಸೌತೆಕಾಯಿ ಹೆಚ್ಚಿಕೊಡುತ್ತಾರೆ. ಅಮ್ಮನ ತಿಥಿ ಆಯ್ತು ಅಂದರೆ ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ. ನೀವು ಡಲ್ ಇದ್ದೀರಿ ಅಂತ ಊರಿಗೆಲ್ಲ ಕಾಣುವ ಹಾಗೆ ಬರೆದಿಟ್ಟು ಹೋಗುವುದಿಲ್ಲ.

ಇನ್ನು ಆ ನಾಲ್ಕು ಸ್ಟಾರ್. ನಮ್ಮ ಶಾಲೆ ಲೆಕ್ಕದಲ್ಲಿ ನೂರಕ್ಕೆ 80 ಬಂದರೆ ಮಗು ಜಾಣ. ಆ್ಯಪ್‌ಗಳ ಲೆಕ್ಕವೇ ಬೇರೆ. ಮನೆ-ಕೋಣೆ ಬಾಡಿಗೆಗೆ ಕೊಡುವ ಏರ್‌ಬಿಎನ್‌ಬಿ ಆ್ಯಪ್‌ನಲ್ಲಿ ಸೂಪರ್‌ಹೋಸ್ಟ್, ಅಂದರೆ ಒಳ್ಳೆಯ ಆತಿಥೇಯರು ಅನ್ನುವ ಪಟ್ಟ ಸಿಗಬೇಕಾದರೆ ಐದಕ್ಕೆ ಸರಾಸರಿ 4.8 ಬೇಕು, ಅದನ್ನು ಮೂರು ತಿಂಗಳಿಗೊಮ್ಮೆ ನೋಡುತ್ತಾರೆ. ಅಂದರೆ "ಚೆನ್ನಾಗಿತ್ತು" ಅಂದುಕೊಂಡೇ ಕೊಟ್ಟ ನಾಲ್ಕು ಕೂಡ ನಿಮ್ಮನ್ನು ಕೆಳಗೆ ಎಳೆಯುತ್ತದೆ. ಕೊಟ್ಟವರಿಗೆ ಇದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಅಲ್ಲಿ ಹೋಸ್ಟ್ ಕೂಡ ಗೆಸ್ಟ್ ಬಗ್ಗೆ ರಿವ್ಯೂ ಬರೆಯಬಹುದು. ಹಾಗಾಗಿ ಸಾರಿಗೆ ಉಪ್ಪು ಜಾಸ್ತಿಯಾದರೂ "ಸೂಪರ್ ಆಂಟಿ" ಅನ್ನುವ ಹುಡುಗರೂ ಒಂದಿಷ್ಟು ನಟಿಸುತ್ತಿರುತ್ತಾರೆ. ಜಗಲಿಯ ಮೇಲೆ ಎರಡೂ ಕಡೆಯವರು ಸುಸ್ತಾಗಿ ನಗುತ್ತಾ ಕೂತಿದ್ದಾರೆ ಅಂದುಕೊಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಏನು ಮಾಡಬಹುದು? ನಿಮ್ಮ ಮನೆಯ ವಿವರ ಇರುವ ಪುಟದಲ್ಲೇ "ರಾತ್ರಿ ಒಂಬತ್ತರ ನಂತರ ಮನೆಯವರು ಮಲಗುತ್ತಾರೆ, ಜಗಲಿ ನಿಮ್ಮದೇ" ಅಂತ ಬರೆಯಿರಿ. ಮೊದಲೇ ತಿಳಿಸಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದು ಕಡಿಮೆ. ತೊಡದೇವು ತೋರಿಸುವುದಕ್ಕೆ ಬೇರೆ ದುಡ್ಡು ಇಡಿ, ಸಂಕೋಚ ಬೇಡ, ಅದು ಕಲಿತ ವಿದ್ಯೆ. ತಿಥಿಯ ದಿನ, ಮಾರನೇ ದಿನ, ಕೊಯ್ಲಿನ ಗಡಿಬಿಡಿ ಇರುವ ವಾರ, ಇವನ್ನು ವರ್ಷದ ಮೊದಲಿಗೇ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿಬಿಡಿ. ಆ ದಿನಗಳ ಬಾಡಿಗೆ ತಪ್ಪುತ್ತದೆ ನಿಜ, ಆದರೂ ಮಾಡಿ. ಮತ್ತೆ ಮಾತಾಡೋದು ಕಷ್ಟವೇ ಅಲ್ಲ ಅನ್ನುವವರು ಮನೆಯಲ್ಲೇ ಇದ್ದಾರಲ್ಲ, ಮುಂದಿನ ಹತ್ತು ರಾತ್ರಿ ಜಗಲಿಯಲ್ಲಿ ಅವರೇ ಕೂರಲಿ. ನಾನು ಇದನ್ನು ಮನಸಾರೆ ಹೇಳುತ್ತಿದ್ದೇನೆ. ಒಂದು ವಾರ ಕೂತರೆ ನಿಮ್ಮ ಕಷ್ಟ ಅವರಿಗೆ ತಾನಾಗಿ ಅರ್ಥವಾಗುತ್ತದೆ.

ಆ ರಿವ್ಯೂಗೆ ಉತ್ತರ ಬರೆಯುವುದಾದರೆ ಅಮ್ಮನ ಹೆಸರು ಎತ್ತಬೇಡಿ. "ಬಂದಿದ್ದಕ್ಕೆ ಸಂತೋಷ, ಆ ದಿನ ನನಗೆ ಮನಸ್ಸು ಸರಿ ಇರಲಿಲ್ಲ" ಅಂದರೆ ಸಾಕು. ಅಮ್ಮನ ವಿಷಯ ಹೇಳಿಕೊಳ್ಳಬೇಕು ಅನ್ನಿಸಿದರೆ ನನಗೆ ಬರೆಯಿರಿ.

ಪ್ರಶ್ನೆ: ವಾರಕ್ಕೊಮ್ಮೆ ಕಾರವಾರದಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಹೋಗುತ್ತೇನೆ. ಪೆಟ್ರೋಲ್ ಖರ್ಚು ಹಂಚಿಕೊಳ್ಳೋಣ ಅಂತ ಆ್ಯಪ್‌ನಲ್ಲಿ ಸೀಟು ಕೊಡುತ್ತೇನೆ. ದಾರಿಯುದ್ದಕ್ಕೂ ಮಾತಾಡದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರಾ ಅಂತ ಭಯ.
— ಓದುಗರೊಬ್ಬರು, ಕಾರವಾರ

ಉತ್ತರ: ಇಲ್ಲ ತಮ್ಮಾ. ಕಾರಿನ ಸೀಟು ಹಂಚಿಕೊಳ್ಳುವ ಆ್ಯಪ್ ಬ್ಲಾಬ್ಲಾಕಾರ್‌ನ ಹೆಸರೇ ಈ ಮಾತಿನ ಲೆಕ್ಕದಿಂದ ಬಂದಿದ್ದು. ಮಾತು ಕಡಿಮೆ ಇದ್ದವರು ಬ್ಲಾ, ಮಧ್ಯಮದವರು ಬ್ಲಾಬ್ಲಾ, ಬಾಯಿ ಮುಚ್ಚದವರು ಬ್ಲಾಬ್ಲಾಬ್ಲಾ ಅಂತ ಅಲ್ಲಿ ಮೊದಲೇ ಹೇಳಿಕೊಳ್ಳುವ ರೂಢಿ ಇತ್ತು. ನೀವೂ ಹಾಗೆಯೇ "ನಾನು ಕಡಿಮೆ ಮಾತಿನವನು" ಅಂತ ಬರೆದುಬಿಡಿ. ಅರಬೈಲ್ ಘಟ್ಟದ ತಿರುವುಗಳಲ್ಲಿ ಹೇಗೂ ಮಾತು ಬೇಡ. ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾಲ್ಕು ಮಾತಾಡಿದರಾಯಿತು.