ಸಂಪಾದಕರ ಉತ್ತರ: ಕೆಂಪು ಇಂಕಿನ ನೋಟ್‌ಬುಕ್ಕು

ನಮಸ್ಕಾರ. ನಿಮ್ಮ ಪತ್ರ, ಜೊತೆಗಿದ್ದ ನೋಟ್‌ಬುಕ್ಕು ಎರಡೂ ತಲುಪಿದವು. ಟಿವಿ ಚರ್ಚೆಗಳಲ್ಲಿ ದಿನಾ ಕಾಣುವ ಒಬ್ಬ ವಿಶ್ಲೇಷಕರು ನುಡಿದ ಭವಿಷ್ಯವನ್ನೆಲ್ಲ ಎರಡು ವರ್ಷದಿಂದ ಬರೆದಿಟ್ಟು, ಪಕ್ಕದಲ್ಲಿ ಸರಿ, ತಪ್ಪು ಗುರುತು ಹಾಕಿದ್ದೀರಿ. 'ಇಷ್ಟು ಸಲ ಎಡವಿದವರನ್ನು ಯಾಕೆ ಮತ್ತೆ ಮತ್ತೆ ಕರೆಯುತ್ತಾರೆ? ನೀವಾದರೂ ಇದನ್ನು ಅಚ್ಚು ಹಾಕಿ' ಎಂದಿದ್ದೀರಿ.

ಪೂರ್ತಿ ಓದಿದೆ. ನಿಮ್ಮ ಶ್ರದ್ಧೆಗೆ ಕೈ ಮುಗಿಯಬೇಕು. ಆದರೆ ಹೀಗೇ ಅಚ್ಚು ಹಾಕಲು ಮನಸ್ಸು ಬರಲಿಲ್ಲ.

'ಈ ಸರ್ಕಾರ ಜಾಸ್ತಿ ದಿನ ಉಳಿಯುವುದು ಕಷ್ಟ' ಎಂಬ ಮಾತಿಗೆ ಕೆಂಪು ಇಂಕಿನಲ್ಲಿ ತಪ್ಪು ಹಾಕಿದ್ದೀರಿ. ಜಾಸ್ತಿ ದಿನ ಅಂದರೆ ಎಷ್ಟು? ಸರ್ಕಾರ ಯಾವತ್ತು ಬಿದ್ದರೂ 'ನಾನು ಆಗಲೇ ಹೇಳಿರಲಿಲ್ವಾ' ಅನ್ನುತ್ತಾರೆ. ಉಳಿದರೆ 'ಕಷ್ಟ ಅಂದಿದ್ದೆ, ಆಗಲ್ಲ ಅಂದಿರಲಿಲ್ಲ' ಅನ್ನುತ್ತಾರೆ. ಮುಂದಿನ ಪುಟದಲ್ಲಿ 'ಷೇರುಪೇಟೆ ಏರಿಳಿತ ಕಾಣಲಿದೆ' ಎಂಬುದಕ್ಕೆ ಸರಿ ಹಾಕಿದ್ದೀರಿ. ಷೇರುಪೇಟೆ ಏರದೆ, ಇಳಿಯದೆ ಸುಮ್ನೆ ಕೂತ ದಿನ ಯಾವುದು ಹೇಳಿ! ಎಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತುಗಳು. ಇವಕ್ಕೆ ಸರಿಯೂ ಹಾಕಲಾಗದು, ತಪ್ಪೂ ಹಾಕಲಾಗದು.

ಇದು ಟಿವಿಯವರ ರೋಗ ಮಾತ್ರ ಅಲ್ಲ. 1951ರಲ್ಲಿ ಅಮೆರಿಕದ ಗುಪ್ತಚರ ವರದಿಯೊಂದು, ಯುಗೊಸ್ಲಾವಿಯದ ಮೇಲೆ ದಾಳಿ ನಡೆಯುವ 'ಗಂಭೀರ ಸಾಧ್ಯತೆ' ಇದೆ ಎಂದಿತು. ಆಮೇಲೆ ಆ ವರದಿ ಬರೆದ ತಂಡದಲ್ಲಿದ್ದ ಸಿಐಎ ಅಧಿಕಾರಿ ಶೆರ್ಮನ್ ಕೆಂಟ್ ತಮ್ಮ ಸಹೋದ್ಯೋಗಿಗಳನ್ನೇ ಕೇಳಿದರು, ಅದು ನೂರಕ್ಕೆ ಎಷ್ಟು ಅಂತ. ಒಬ್ಬರ ಲೆಕ್ಕದಲ್ಲಿ 20, ಇನ್ನೊಬ್ಬರ ಲೆಕ್ಕದಲ್ಲಿ 80. ಎಲ್ಲರೂ ಒಪ್ಪಿ ಬರೆದ ವಾಕ್ಯ ಅದು!

ಅದಕ್ಕೇ ಅಂಕಿ ಬೇಕು, ಗಡುವು ಬೇಕು. ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲೇ ಇದಕ್ಕೊಂದು ಸುಲಭದ ಲೆಕ್ಕ ಕೊಟ್ಟರು. ನಾಳೆ ಮಳೆ ಬರುವ ಸಂಭವ 0.7 ಅಂದಿರಿ ಅನ್ನೋಣ. ಮಳೆ ಬಂದರೆ 1ರಲ್ಲಿ 0.7 ಕಳೆದು, ಉಳಿದ 0.3ರ ವರ್ಗ ತೆಗೆಯಿರಿ: 0.09. ಬರದಿದ್ದರೆ 0.7ರ ವರ್ಗ: 0.49. ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ಎಲ್ಲದಕ್ಕೂ 'ಫಿಫ್ಟಿ ಫಿಫ್ಟಿ' ಅನ್ನುವವರಿಗೆ ಯಾವಾಗಲೂ 0.25. ಸರಾಸರಿ ಅದನ್ನೂ ದಾಟಿದರೆ, ನನಗೇನೂ ಗೊತ್ತಿಲ್ಲ ಅನ್ನುವವರೇ ವಾಸಿ.

ಇನ್ನೊಂದು ತೊಡಕಿದೆ, ಬೇಜಾರು ಮಾಡಿಕೊಳ್ಳಬೇಡಿ. ಕಳೆದ ಚುನಾವಣೆಯಲ್ಲಿ ನಿಮ್ಮ ಆ ವಿಶ್ಲೇಷಕರ ಅಂದಾಜು ಬಹುತೇಕ ನಿಜವಾಯಿತು. ನಿಮ್ಮ ಪುಸ್ತಕದಲ್ಲಿ ಆ ವಾರದ ಪುಟವೇ ಇಲ್ಲ. ಸಿಟ್ಟು ಬಂದ ದಿನ ಮಾತ್ರ ಪೆನ್ನು ಕೈಗೆತ್ತಿಕೊಂಡಿದ್ದೀರೇನೋ.

ಮತ್ತೆ ಮತ್ತೆ ಯಾಕೆ ಕರೆಯುತ್ತಾರೆ ಅಂದಿರಲ್ಲ. ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ 1980ರ ದಶಕದಿಂದ ಸುಮಾರು ಇಪ್ಪತ್ತು ವರ್ಷ 284 ಪರಿಣತರ ಅಂದಾಜುಗಳನ್ನು ಒರೆಗೆ ಹಚ್ಚಿ ನೋಡಿದರು. ಮಾಧ್ಯಮದಲ್ಲಿ ಹೆಸರು ಮಾಡಿದವರೇ ಉಳಿದವರಿಗಿಂತ ಹಿಂದೆ ಬಿದ್ದಿದ್ದರು. ಆದರೆ ಅಳೆದು ತೂಗಿ ಮಾತಾಡುವವರು ಚರ್ಚೆಯಲ್ಲಿ ಸಪ್ಪೆ ಅನಿಸುತ್ತಾರೆ, ಅಲ್ವಾ? ಇದರಲ್ಲಿ ನಮ್ಮ ಪಾಲೂ ಇದೆ. ಹಿಂದೊಮ್ಮೆ ಲೇಖಕರೊಬ್ಬರು 'ಬಹುಶಃ' ಎಂದು ಬರೆದಿದ್ದರು. ತಲೆಬರಹಕ್ಕೆ ಜಾಗ ಸಾಲದೆ ನಾನೇ ಅದನ್ನು ಹೊಡೆದುಹಾಕಿದೆ. ಅಂದಾಜು ಸುಳ್ಳಾದಾಗ ಬೈಸಿಕೊಂಡವರು ಮಾತ್ರ ಅವರು.

ನೋಟ್‌ಬುಕ್ಕನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇವೆ. ಗಡುವು ಇರುವ ಮಾತುಗಳ ಪಕ್ಕ ಪೆನ್ಸಿಲ್‌ನಲ್ಲಿ ಚುಕ್ಕಿ ಇಟ್ಟಿದ್ದೇನೆ, ಹನ್ನೊಂದು ಸಿಕ್ಕವು. ಅವನ್ನು ಬೇರೆ ಬರೆದು, ಬಿಟ್ಟುಹೋದ ಆ ಚುನಾವಣೆಯ ಮಾತನ್ನೂ ಸೇರಿಸಿ ಕಳಿಸಿ. ನಾವು ಆ ವಿಶ್ಲೇಷಕರಿಗೂ ಒಂದು ಪ್ರತಿ ಕಳಿಸಿ, ಏನು ಹೇಳುತ್ತಾರೆ ಅಂತ ಕೇಳಿ, ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕುತ್ತೇವೆ.