ಯಕ್ಷಗಾನದ ಫೋಟೋ ತುಂಬಿದ ನಮ್ಮ ಬ್ಲಾಗ್ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಮೊಬೈಲಿನಲ್ಲಿ ತೆರೆಯಲು ಯಾಕೆ ಇಷ್ಟು ತಡ?

ಬಹುಮಟ್ಟಿಗೆ ಆ ಫೋಟೋಗಳ ಭಾರದಿಂದಲೇ. ಫೋನಿನಲ್ಲಿ ತೆಗೆದ ಚಿತ್ರ ಸುಮಾರು 4000 ಪಿಕ್ಸೆಲ್ ಅಗಲ, 4-5 ಎಂಬಿ ಇರುತ್ತದೆ. ಪರದೆಯಲ್ಲಿ ಅಂಗೈಯಗಲ ಕಂಡರೂ ಬ್ರೌಸರ್ ಇಡೀ ಕಡತವನ್ನು ಇಳಿಸಿಕೊಂಡೇ ಕುಗ್ಗಿಸಿ ತೋರಿಸುವುದು. ಗುಡ್ಡದ ಮರೆಯಲ್ಲಿ ವೇಗ 2 ಎಂಬಿಪಿಎಸ್‌ಗೆ (ಸೆಕೆಂಡಿಗೆ 2 ಮೆಗಾಬಿಟ್, ಅಂದರೆ ಕಾಲು ಎಂಬಿ) ಬಿದ್ದರೆ 5 ಎಂಬಿಯ ಒಂದೇ ಒಂದು ವೇಷದ ಚಿತ್ರಕ್ಕೆ 20 ಸೆಕೆಂಡು ಬೇಕು.

ಅಪ್‌ಲೋಡ್ ಮಾಡುವ ಮೊದಲೇ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ (WebP) ಎಂಬ ಹಗುರ ಚಿತ್ರರೂಪದಲ್ಲಿ ಗುಣಮಟ್ಟ 100ಕ್ಕೆ 75 ಇಟ್ಟು ಉಳಿಸಿ. ಸಾಮಾನ್ಯವಾಗಿ 200 ಕೆಬಿಯ ಆಸುಪಾಸಿಗೆ ಬರುತ್ತದೆ. ರಾತ್ರಿಯಾಟದ ಕತ್ತಲೆಯಲ್ಲಿ ತೆಗೆದ ಕಾಳುಕಾಳಾದ ಚಿತ್ರಗಳು ಮಾತ್ರ ಅಷ್ಟು ಕುಗ್ಗುವುದಿಲ್ಲ. ಅವನ್ನು 900ಕ್ಕೇ ಇಳಿಸಿದರೂ ನಷ್ಟವಿಲ್ಲ. ಪುಟದ ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ ಕೊಡಿ, ಅಂದರೆ ಓದುಗರು ಹತ್ತಿರ ಬಂದಾಗಷ್ಟೇ ಇಳಿಯುವಂತೆ. ಮೇಲಿನ ಮೊದಲ ಚಿತ್ರಕ್ಕೆ ಬೇಡ, ಅದು ಇನ್ನಷ್ಟು ತಡವಾಗುತ್ತದೆ.

ಇನ್ನೊಂದು, ಫಾಂಟ್. ಒತ್ತಕ್ಷರ, ಕಾಗುಣಿತಗಳ ಆಕಾರಗಳೆಲ್ಲ ಸೇರಿ ಕನ್ನಡ ಫಾಂಟಿನ ಕಡತ ದೊಡ್ಡದಾಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಹೇಗೂ ಇದೆ. ಅಂದಕ್ಕಾಗಿ ಬೇರೆಯದನ್ನು ಹೇರದಿದ್ದರೆ ಆ ಹೊರೆ ಪೂರ್ತಿ ಇಳಿಯುತ್ತದೆ.