ಓದುಗರ ಪ್ರಶ್ನೆ: ಊರಿನ ಮಾತುಕತೆಗೊಂದು ಜಾಗ

ಪ್ರಶ್ನೆ: ಕೆರೆ, ಶಾಲೆ, ಓದಿದ ಪುಸ್ತಕ ಹೀಗೆ ಊರಿನ ಸಂಗತಿಗಳನ್ನು ಕೂತು ಮಾತಾಡಲು ವಾರಕ್ಕೊಮ್ಮೆ ಸೇರಬೇಕೆಂದಿದ್ದೇವೆ. ದೇವಸ್ಥಾನದ ಸಮುದಾಯ ಭವನ ಪುಕ್ಕಟೆ ಸಿಗುತ್ತದೆ. ಅಲ್ಲೇ ಶುರು ಮಾಡಬಹುದೇ?
– ಓದುಗರು, ಹಾನಗಲ್ ತಾಲ್ಲೂಕು

ಉತ್ತರ: ಬೇಡ. ಆ ಭವನದ ಮೆಟ್ಟಿಲು ಹತ್ತಲು ಹಿಂಜರಿಯುವವರು ಊರಲ್ಲಿ ಇದ್ದೇ ಇರುತ್ತಾರೆ. ಕಾರಣ ಬಾಯಿಬಿಟ್ಟು ಹೇಳುವುದಿಲ್ಲ, ‘ಕೆಲಸ ಇತ್ತು’ ಅನ್ನುತ್ತಾರೆ. ಗೌಡರ ಜಗಲಿ, ಪಕ್ಷದ ಕಚೇರಿಗಳದ್ದೂ ಅದೇ ಕಥೆ. ಮೊದಲ ಮೂರು ತಿಂಗಳು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನೋ (ಊರಿನ ಗ್ರಂಥಾಲಯ), ಭಾನುವಾರ ಸರ್ಕಾರಿ ಶಾಲೆಯ ಕೋಣೆಯನ್ನೋ ಕೇಳಿ. ಶಾಲೆಯಾದರೆ ಮುಖ್ಯೋಪಾಧ್ಯಾಯರ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆ ಬರಹದಲ್ಲಿರಲಿ. ಜನ ಕೂಡಿಬಂದ ಮೇಲೆ ಬಾಡಿಗೆ ಕೋಣೆ ಹಿಡಿಯಿರಿ.

12 ಅಡಿ ಅಗಲ, 20 ಅಡಿ ಉದ್ದದ ಕೋಣೆಯಲ್ಲಿ ಗೋಡೆಗುಂಟ ಜಮಖಾನೆ ಹಾಸಿದರೆ 25 ಜನ ಮುಖಾಮುಖಿ ಕೂರಬಹುದು. ಮಂಡಿನೋವಿನವರಿಗೆ ನಾಲ್ಕು ಕುರ್ಚಿ ಇರಲಿ. ವೇದಿಕೆ, ಮೈಕು ಬೇಡವೇ ಬೇಡ. ವೇದಿಕೆ ಬಂತೆಂದರೆ ಅದರ ಮೇಲೆ ಕೂರುವವರ ಪಟ್ಟಿ ಬರುತ್ತದೆ, ಹಿಂದೆಯೇ ಹಾರ-ಶಾಲು. ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಮಹಡಿಯ ಕೋಣೆ ‘ಅಟ್ಟ’ದಲ್ಲಿ ಸಾಹಿತಿಗಳ ಹರಟೆ ಇವಾವುದೂ ಇಲ್ಲದೆ ದಶಕಗಟ್ಟಲೆ ನಡೆಯಿತು. ಕೀಲಿ ಮೂರು ಮಾಡಿಸಿ, ಮೂರು ಬೇರೆ ಬೇರೆ ಓಣಿಯವರಿಗೆ ಕೊಡಿ. ಒಂದೇ ಕೀಲಿಯಾದರೆ ಅದನ್ನು ಇಟ್ಟುಕೊಂಡವರಿಗೆ ಬೇಸರವಾದ ದಿನ ಸಭೆ ಇರುವುದಿಲ್ಲ.

ಪ್ರಶ್ನೆ: ನಮ್ಮ ಕೂಟಕ್ಕೆ ರಾಜಕಾರಣಿಯೊಬ್ಬರು ಒಂದು ಲಕ್ಷ ಕೊಡುತ್ತೇನೆ ಎಂದಿದ್ದಾರೆ. ತೆಗೆದುಕೊಳ್ಳೋಣವೇ? ನೋಂದಣಿ ಬೇಕೇ?
– ಓದುಗರು, ಮದ್ದೂರು

ಉತ್ತರ: ಮೊದಲು ಲೆಕ್ಕ ಹಾಕಿ ನೋಡಿ. ಕೋಣೆ ಬಾಡಿಗೆ 2,000, ಕರೆಂಟು 200, ಎರಡು ದಿನಪತ್ರಿಕೆಗೆ 400, ನಾಲ್ಕು ಸಭೆಗೆ ತಲಾ 30 ಲೋಟ ಚಹಾ 1,200 ಎಂದಿಟ್ಟುಕೊಂಡರೆ ತಿಂಗಳಿಗೆ 3,800 ರೂಪಾಯಿ. 40 ಜನ ನೂರು ನೂರು ಹಾಕಿದರೆ ಮುಗಿಯಿತು, ಲಕ್ಷ ಯಾಕೆ ಬೇಕು? ಒಬ್ಬರಿಂದ ತಿಂಗಳಿಗೆ 400ಕ್ಕಿಂತ ಹೆಚ್ಚು ಪಡೆಯುವುದಿಲ್ಲವೆಂದು ನಿಯಮ ಮಾಡಿ. ಯಾರು ಮುನಿಸಿಕೊಂಡು ಹೋದರೂ ಬಾಗಿಲು ಮುಚ್ಚುವುದಿಲ್ಲ. ಕೂಲಿಯವರಿಗೆ ತಿಂಗಳ ಚಂದಾ ಕಷ್ಟ, ಸುಗ್ಗಿಯಲ್ಲಿ ಕೈಲಾದಷ್ಟು ಕೊಡಲಿ. ಬೀರು ಕೊಟ್ಟವರ ಹೆಸರು ಲೆಕ್ಕದ ಪುಸ್ತಕದಲ್ಲಿರಲಿ, ಬೀರುವಿನ ಮೇಲೆ ಬೇಡ.

ನೋಂದಣಿಗೆ ಆತುರವಿಲ್ಲ. ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕೆನಿಸಿದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಕನಿಷ್ಠ 7 ಸದಸ್ಯರು ಸೇರಿ ಮಾಡಿಸಬಹುದು. ಆಮೇಲೆ ವರ್ಷ ವರ್ಷವೂ ಸರ್ವಸದಸ್ಯರ ಸಭೆ ನಡೆಸಿ ಲೆಕ್ಕಪತ್ರ, ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸಬೇಕು. ಸಂಘಗಳು ಎಡವುವುದು ಇಲ್ಲೇ.

ಪ್ರಶ್ನೆ: ಮೂವರೇ ಮಾತಾಡುತ್ತಾರೆ, ಕೊನೆಗೆ ಜಗಳ. ಏನು ಮಾಡುವುದು?
– ಓದುಗರು, ಪುತ್ತೂರು

ಉತ್ತರ: ವಿಷಯ ದೊಡ್ಡದಾಯಿತೇನೋ. ‘ನೀರಿನ ಸಮಸ್ಯೆ’ ಎಂದಿಟ್ಟರೆ ಭಾಷಣ ಬರುತ್ತದೆ. ‘ಮಾರ್ಚ್ ಬಂದರೆ ನಮ್ಮ ವಾರ್ಡಿಗೆ ನಲ್ಲಿ ನೀರು ಎರಡು ದಿನಕ್ಕೊಮ್ಮೆ ಯಾಕೆ?’ ಎಂದು ಕೇಳಿದರೆ ವಾಲ್ವ್ ತಿರುಗಿಸುವವರನ್ನೇ ಕರೆಯಬಹುದು. ಪ್ರಶ್ನೆಯನ್ನು ಒಂದು ವಾರ ಮೊದಲೇ ಬಾಗಿಲಿಗೆ ಅಂಟಿಸಿ. ಕೈಯಲ್ಲಿ ಮಾಹಿತಿ ಇಲ್ಲದಿದ್ದಾಗಲೇ ಮಾತು ವಿಷಯ ಬಿಟ್ಟು ವ್ಯಕ್ತಿಯ ಮೇಲೆ ತಿರುಗುವುದು. ಆದ್ದರಿಂದ ಪಂಚಾಯಿತಿ ಕಾಗದ ಬೇಕಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವಿದೆ, ಆ ಚರ್ಚೆಯನ್ನು ಅಷ್ಟು ಮುಂದಕ್ಕೆ ಹಾಕಿ.

ಸಭೆ 90 ನಿಮಿಷ. ವಿವರಣೆಗೆ 15. ಆಮೇಲೆ ಒಂದು ಸುತ್ತು, ತಲಾ 2 ನಿಮಿಷದಂತೆ 25 ಜನಕ್ಕೆ 50. ಚಹಾಕ್ಕೆ 5, ಮುಕ್ತ ಮಾತಿಗೆ 20. ಸುತ್ತು ಮುಗಿಯುವವರೆಗೆ ಯಾರಿಗೂ ಎರಡನೇ ಸರದಿ ಇಲ್ಲ, ಮೇಷ್ಟ್ರಿಗೂ ಇಲ್ಲ. ಸುತ್ತು ಬಾಗಿಲ ಬಳಿ ಕೂತವರಿಂದ ಶುರುವಾಗಲಿ. ಸಂಕೋಚದವರು ಕೂರುವುದು ಅಲ್ಲೇ. ಮಾತು ಬೇಡದವರು ‘ಮುಂದೆ’ ಎಂದರೆ ಸಾಕು. ಸಭೆ ನಡೆಸುವವರನ್ನು ಪ್ರತಿ ವಾರ ಚೀಟಿ ಎತ್ತಿ ಆರಿಸಿ.

ನಡಾವಳಿ ಪುಸ್ತಕದಲ್ಲಿ ಮೂರು ಕಾಲಂ ಎಳೆಯಿರಿ: ಒಪ್ಪಿದ್ದು, ಒಪ್ಪದ್ದು, ಗೊತ್ತುಮಾಡಿಕೊಳ್ಳಬೇಕಾದ್ದು. ಒಪ್ಪದವರ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದು ಓದಿ ಹೇಳಿ, ‘ಹೌದು, ಹೀಗೇ ಅಂದೆ’ ಎಂದ ಮೇಲೆ ಮುಂದಿನ ಸಾಲು. ಕೈ ಎತ್ತಿಸಿ ಮತ ಹಾಕಿಸಬೇಡಿ. ಸೋತವರು ಮುಂದಿನ ವಾರ ಬರುವುದಿಲ್ಲ.

ಪ್ರಶ್ನೆ: ಹೆಂಗಸರು ಬರುತ್ತಿಲ್ಲವಲ್ಲ?
– ಓದುಗರು, ಸಿಂಧನೂರು

ಉತ್ತರ: ನಿಮ್ಮ ಸಭೆ ರಾತ್ರಿ 8ಕ್ಕೆ ಎಂದು ಬರೆದಿದ್ದೀರಿ. ಭಾನುವಾರ ಮಧ್ಯಾಹ್ನ 3ಕ್ಕೆ ಇಡಿ, ಮಕ್ಕಳನ್ನು ಕರೆತರಬಹುದೆಂದು ಹೇಳಿ, ಕೋಣೆಗೆ ಶೌಚಾಲಯವಿದೆಯೇ ನೋಡಿ. ಚಹಾ ಮಾಡುವ ಸರದಿಯಲ್ಲಿ ಗಂಡಸರ ಹೆಸರೂ ಇರಲಿ.